ಬೈಪೋಲಾರ್ ಕಾಯಿಲೆಯ ಔಷಧ: ರೋಗಿಯ ತಿಳಿವಳಿಕೆಯನ್ನು ಅಳೆಯುವ ಕ್ರಮ ಮತ್ತು ಗ್ರಾಮ ಪಂಚಾಯತಿಯ ಪಾತ್ರ

ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವ ವ್ಯಕ್ತಿಗೆ ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆ ಒಂದೇ: "ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ?" ಅದಕ್ಕೆ ಬರುವ ಉತ್ತರವೂ ಬಹುಮಟ್ಟಿಗೆ ಒಂದೇ: "ಹೌದು." ಈ ಪ್ರಶ್ನೋತ್ತರದಿಂದ ಮಾತ್ರೆ ನುಂಗಲಾಗುತ್ತಿದೆಯೇ ಎಂಬುದು ಅಷ್ಟಿಷ್ಟು ತಿಳಿಯಬಹುದು. ಆ ಮಾತ್ರೆ ಯಾವುದು, ಏಕೆ ಬೇಕು, ಎಷ್ಟು ಕಾಲ ಬೇಕು, ಯಾವ ಸಂದರ್ಭದಲ್ಲಿ ಅದೇ ಮಾತ್ರೆ ದೇಹಕ್ಕೆ ಅಪಾಯ ತರಬಲ್ಲದು ಎಂಬ ಅರಿವು ರೋಗಿಗೆ ಇದೆಯೇ ಎಂಬುದು ಮಾತ್ರ ತಿಳಿಯುವುದಿಲ್ಲ. ಬೈಪೋಲಾರ್ ಕಾಯಿಲೆಯ ಔಷಧಗಳ ವಿಷಯದಲ್ಲಿ ಈ ಅರಿವಿನ ಕೊರತೆ ಜೀವಕ್ಕೇ ಎರವಾಗಬಹುದು. ಈ ಅರಿವನ್ನು ಅಳೆಯುವ ಸರಳ ಕ್ರಮಗಳಿವೆ. ಅವುಗಳ ಸ್ವರೂಪವನ್ನೂ, ಅದರಿಂದ ಗ್ರಾಮ ಪಂಚಾಯತಿಯ ಮೇಲೆ ಬರುವ ಹೊಣೆಯನ್ನೂ ಸದಸ್ಯರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಕಾಯಿಲೆಯ ಸ್ವರೂಪ

ಬೈಪೋಲಾರ್ ಕಾಯಿಲೆಯನ್ನು ಕನ್ನಡದಲ್ಲಿ ಉನ್ಮಾದ-ಖಿನ್ನತೆ ಕಾಯಿಲೆ ಎಂದೂ ಕರೆಯುತ್ತಾರೆ. ಇದರಲ್ಲಿ ವ್ಯಕ್ತಿಯ ಮನಃಸ್ಥಿತಿ ಎರಡು ತುದಿಗಳ ನಡುವೆ ತುಯ್ಯುತ್ತದೆ. ಉನ್ಮಾದದ ಅವಧಿಯಲ್ಲಿ ನಿದ್ರೆ ಕಡಿಮೆಯಾದರೂ ದಣಿವಾಗುವುದಿಲ್ಲ, ಮಾತು ಹೆಚ್ಚುತ್ತದೆ, ಮಿತಿಮೀರಿದ ಆತ್ಮವಿಶ್ವಾಸ, ಕೈಮೀರಿದ ಖರ್ಚು, ಸಿಡುಕು ಕಾಣಿಸಿಕೊಳ್ಳುತ್ತವೆ. ಖಿನ್ನತೆಯ ಅವಧಿಯಲ್ಲಿ ಉತ್ಸಾಹ ಕುಗ್ಗಿ, ಕೆಲಸದಲ್ಲಿ ಆಸಕ್ತಿ ಅಳಿದು, ಸಾವಿನ ಆಲೋಚನೆಗಳೂ ಬರಬಹುದು. ಈ ಎರಡರ ನಡುವೆ ವ್ಯಕ್ತಿ ಪೂರ್ಣ ಆರೋಗ್ಯದಿಂದ ಹೊಲ, ಮನೆ, ವ್ಯಾಪಾರ ನೋಡಿಕೊಂಡು ಬಾಳುವ ತಿಂಗಳುಗಳೂ ವರ್ಷಗಳೂ ಇರುತ್ತವೆ. "ಈಗ ಎಲ್ಲ ಸರಿಯಾಗಿದೆಯಲ್ಲ, ಮಾತ್ರೆ ಇನ್ನೇಕೆ?" ಎಂಬ ಪ್ರಶ್ನೆ ಹುಟ್ಟುವುದು ಈ ನಡುವಣ ಅವಧಿಯಲ್ಲಿಯೇ.

ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಸಮೀಕ್ಷೆಯ ವೇಳೆಗೆ ವಯಸ್ಕರಲ್ಲಿ ಶೇ. 0.3ರಷ್ಟು ಮಂದಿಗೆ ಈ ಕಾಯಿಲೆ ಇತ್ತು. ಈ ಪ್ರಮಾಣವನ್ನೇ ಆಧಾರವಾಗಿಟ್ಟುಕೊಂಡರೆ, 4000 ವಯಸ್ಕರಿರುವ ಒಂದು ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿ ಸುಮಾರು 12 ಮಂದಿ ಇಂಥವರಿರುತ್ತಾರೆ. ಇವರಲ್ಲಿ ಬಹುಪಾಲು ಮಂದಿ ಚಿಕಿತ್ಸೆಯಿಂದ ಹೊರಗೇ ಉಳಿದಿರುವುದನ್ನೂ ಅದೇ ಸಮೀಕ್ಷೆ ದಾಖಲಿಸಿದೆ. ಚಿಕಿತ್ಸೆಯೊಳಗೆ ಬಂದ ಕೆಲವರೂ ಅರಿವಿಲ್ಲದೆ ಔಷಧ ಬಿಟ್ಟು ಮತ್ತೆ ಹೊರಹೋಗುವುದಾದರೆ, ಅವರನ್ನು ಆಸ್ಪತ್ರೆಯವರೆಗೆ ಕರೆತಂದ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ಲಿಥಿಯಂ: ಉಪಕಾರಿ, ಆದರೆ ಎಚ್ಚರ ಬೇಡುವ ಔಷಧ

ಈ ಕಾಯಿಲೆಗೆ ಹಲವು ಔಷಧಗಳಿವೆ. ಅವುಗಳಲ್ಲಿ ರೋಗಿಯ ಅರಿವು ಅತ್ಯಂತ ಮುಖ್ಯವಾಗುವುದು ಲಿಥಿಯಂ ಕಾರ್ಬೋನೇಟ್ ಮಾತ್ರೆಯ ವಿಷಯದಲ್ಲಿ. ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಉನ್ಮಾದದ ರೋಗಿಗಳಲ್ಲಿ ಇದರ ಪರಿಣಾಮವನ್ನು ವರದಿ ಮಾಡಿದರು. ಭಾರತದ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿಯೂ ಇದಕ್ಕೆ ಸ್ಥಾನವಿದೆ. ಕಾಯಿಲೆ ಮರುಕಳಿಸದಂತೆ ತಡೆಯುವುದರ ಜೊತೆಗೆ ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವ ಗುಣವೂ ಇದಕ್ಕಿರುವುದಾಗಿ ಅನೇಕ ಅಧ್ಯಯನಗಳು ತಿಳಿಸಿವೆ.

ಆದರೆ ಲಿಥಿಯಂನಲ್ಲಿ ಗುಣಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಇರುವ ಅಂತರ ಬಹಳ ಕಿರಿದು. ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಪ್ರಯೋಜನ ಕುಗ್ಗುತ್ತದೆ. 1.5 ದಾಟಿದರೆ ವಿಷಪರಿಣಾಮದ ಲಕ್ಷಣಗಳು ತೋರುತ್ತವೆ. 2 ಮೀರಿದರೆ ಜೀವಾಪಾಯ ಉಂಟಾಗಬಹುದು. ವಯಸ್ಸಾದವರಲ್ಲಿ ಇದಕ್ಕಿಂತ ಕಡಿಮೆ ಮಟ್ಟದಲ್ಲಿಯೇ ತೊಂದರೆ ಕಾಣಿಸಬಹುದು.

ಲಿಥಿಯಂ ದೇಹದಿಂದ ಹೊರಹೋಗುವುದು ಮೂತ್ರಪಿಂಡಗಳ ಮೂಲಕ. ದೇಹದಲ್ಲಿ ನೀರು ಮತ್ತು ಉಪ್ಪಿನ ಅಂಶ ಕಡಿಮೆಯಾದಾಗ ಮೂತ್ರಪಿಂಡಗಳು ಉಪ್ಪನ್ನು ಉಳಿಸಿಕೊಳ್ಳಲು ಯತ್ನಿಸುತ್ತವೆ. ಅದರೊಂದಿಗೆ ಲಿಥಿಯಂ ಕೂಡ ದೇಹದಲ್ಲಿಯೇ ಉಳಿದು ಅದರ ಮಟ್ಟ ಏರುತ್ತದೆ. ಹಾಗಾಗಿ ದಿನವೂ ತೆಗೆದುಕೊಳ್ಳುವ ಅದೇ ಎರಡು ಮಾತ್ರೆ, ಒಂದು ವಾರ ಔಷಧವಾಗಿದ್ದು ಮುಂದಿನ ವಾರ ವಿಷವಾಗಬಹುದು. ಹಳ್ಳಿಯ ನಿತ್ಯಜೀವನದಲ್ಲಿ ಇದಕ್ಕೆ ಆಸ್ಪದ ಕೊಡುವ ಸಂದರ್ಭಗಳು ಅನೇಕ: ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ನೀರು ಕುಡಿಯದೆ ಮಾಡುವ ಮಣ್ಣಿನ ಕೆಲಸ, ವಾಂತಿ-ಭೇದಿ, ನೀರನ್ನೂ ಬಿಟ್ಟು ಆಚರಿಸುವ ಏಕಾದಶಿ ಅಥವಾ ರಂಜಾನ್ ಉಪವಾಸ, ರಕ್ತದೊತ್ತಡವಿದೆಯೆಂದು ಒಮ್ಮೆಲೇ ಉಪ್ಪು ಬಿಡುವುದು.

ಇದಲ್ಲದೆ ಬೇರೆ ಔಷಧಗಳೂ ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಮೈಕೈ ನೋವಿಗೆಂದು ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂತಹ ನೋವುನಿವಾರಕಗಳು ಇಂಥವು. ರಕ್ತದೊತ್ತಡಕ್ಕೆ ಕೊಡುವ ಟೆಲ್ಮಿಸಾರ್ಟನ್, ಎನಲಾಪ್ರಿಲ್, ಹೈಡ್ರೋಕ್ಲೋರೋಥಯಜೈಡ್ ಮುಂತಾದವೂ ಇದೇ ಸಾಲಿಗೆ ಸೇರುತ್ತವೆ. ಮಾನಸಿಕ ಕಾಯಿಲೆಯ ಮಾತ್ರೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲೂ ರಕ್ತದೊತ್ತಡದ ಮಾತ್ರೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಪಡೆಯುವ ವ್ಯಕ್ತಿಯ ವಿಷಯದಲ್ಲಿ, ಒಂದು ಕಡೆಯ ವೈದ್ಯರಿಗೆ ಇನ್ನೊಂದು ಕಡೆಯ ಚಿಕಿತ್ಸೆಯ ಮಾಹಿತಿ ತಲುಪಿಸುವವರು ಬಹುತೇಕ ರೋಗಿಯೇ. ರೋಗಿಗೆ ತಿಳಿಯದಿದ್ದರೆ ಆ ಮಾಹಿತಿ ಯಾರಿಗೂ ತಲುಪುವುದಿಲ್ಲ.

ತಿಳಿವಳಿಕೆ, ಪಾಲನೆ, ಮನೋಭಾವ

ಔಷಧದ ಕುರಿತು ರೋಗಿಯಲ್ಲಿ ಅಳೆಯಬಹುದಾದ ಸಂಗತಿಗಳು ಮೂರು. ಮೊದಲನೆಯದು ತಿಳಿವಳಿಕೆ, ಅಂದರೆ ಔಷಧದ ಬಗ್ಗೆ ರೋಗಿಗೆ ಏನು ಗೊತ್ತಿದೆ ಎಂಬುದು. ಎರಡನೆಯದು ಪಾಲನೆ, ಹೇಳಿದಂತೆ ಔಷಧ ತೆಗೆದುಕೊಳ್ಳಲಾಗುತ್ತಿದೆಯೇ ಎಂಬುದು. ಮೂರನೆಯದು ಮನೋಭಾವ, ಔಷಧದ ಬಗ್ಗೆ ರೋಗಿಯಲ್ಲಿರುವ ನಂಬಿಕೆ, ಭಯ, ಬೇಸರಗಳು. ಈ ಮೂರಕ್ಕೂ ವೈದ್ಯಲೋಕದಲ್ಲಿ ಬೇರೆ ಬೇರೆ ಪ್ರಶ್ನಾವಳಿಗಳಿವೆ.

ಮನೋಭಾವವನ್ನು ಅಳೆಯಲು ಹೋಗನ್, ಅವಾದ್ ಮತ್ತು ಈಸ್ಟ್‌ವುಡ್ ಎಂಬ ಸಂಶೋಧಕರು 1983ರಲ್ಲಿ 30 ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಪಾಲನೆಯನ್ನು ಅಳೆಯಲು ಮೊರಿಸ್ಕಿ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ನಾಲ್ಕು ಪ್ರಶ್ನೆಗಳ ಕ್ರಮವು ಮೂಲತಃ ರಕ್ತದೊತ್ತಡದ ರೋಗಿಗಳಿಗಾಗಿ ರೂಪುಗೊಂಡು, ಅನಂತರ ಅನೇಕ ಕಾಯಿಲೆಗಳಲ್ಲಿ ಬಳಕೆಗೆ ಬಂದಿತು. ಲಿಥಿಯಂ ಕುರಿತ ತಿಳಿವಳಿಕೆಯನ್ನೇ ಅಳೆಯಲು ಬ್ರಿಟನ್ನಿನ ಪೀಟ್ ಮತ್ತು ಹಾರ್ವೆ ಎಂಬ ಮನೋವೈದ್ಯರು ಲಿಥಿಯಂ ತಿಳಿವಳಿಕೆ ಪರೀಕ್ಷೆಯನ್ನು ಬಳಕೆಗೆ ತಂದರು. ರೋಗಿಗಳಿಗೆ ವಿಡಿಯೊ ಉಪನ್ಯಾಸ ತೋರಿಸಿ, ಅದರ ಲಿಖಿತ ಪ್ರತಿಯನ್ನೂ ಕೊಟ್ಟಾಗ ಅವರ ತಿಳಿವಳಿಕೆ ಹೆಚ್ಚಿತು ಎಂಬುದು 1991ರಲ್ಲಿ ಪ್ರಕಟವಾದ ಅವರ ಅಧ್ಯಯನದಿಂದ ತಿಳಿದುಬಂದಿತು. ಅಳೆದು ನೋಡಿದ್ದರಿಂದಲೇ ಈ ಬದಲಾವಣೆ ಗೋಚರವಾಯಿತು ಎಂಬುದು ಗಮನಾರ್ಹ.

ಈ ಮೂರನ್ನೂ ಬೇರ್ಪಡಿಸಿ ನೋಡಬೇಕಾದ ಅಗತ್ಯವೇನು? ಮೂರು ಸನ್ನಿವೇಶಗಳನ್ನು ಕಲ್ಪಿಸಿಕೊಂಡರೆ ಇದು ಸ್ಪಷ್ಟವಾಗುತ್ತದೆ. ಒಬ್ಬರು ತಪ್ಪದೆ ಮಾತ್ರೆ ನುಂಗುತ್ತಾರೆ. ಭೇದಿಯಾದ ದಿನವೂ, ಕೈ ನಡುಗಿ ನಾಲಿಗೆ ತೊದಲಿದ ದಿನವೂ ಬಿಡದೆ ನುಂಗುತ್ತಾರೆ. ಅವರ ಪಾಲನೆ ಪೂರ್ಣ, ತಿಳಿವಳಿಕೆ ಶೂನ್ಯ. ಎರಡನೆಯವರಿಗೆ ಎಲ್ಲ ಗೊತ್ತಿದೆ. ಆದರೆ ತಾಲ್ಲೂಕು ಆಸ್ಪತ್ರೆಗೆ ಹೋದಾಗ ಮಾತ್ರೆ ದಾಸ್ತಾನಿಲ್ಲ, ಇನ್ನೊಮ್ಮೆ ಬರಲು ಬಸ್ಸಿನ ಖರ್ಚಿಗೆ ಹಣವಿಲ್ಲ. ಅವರಿಗೆ ಮತ್ತೆ ಮತ್ತೆ ಬುದ್ಧಿಮಾತು ಹೇಳುವುದರಿಂದ ಫಲವಿಲ್ಲ. ಮೂರನೆಯವರಿಗೆ ತಿಳಿವಳಿಕೆಯಿದೆ, ಮಾತ್ರೆಯೂ ಮನೆಯಲ್ಲಿದೆ. ಆದರೆ ಮಗಳ ಮದುವೆ ನಿಶ್ಚಯವಾಗುವ ಹೊತ್ತಿನಲ್ಲಿ ಮಾತ್ರೆಯ ಡಬ್ಬಿ ಬೀಗರ ಕಣ್ಣಿಗೆ ಬಿದ್ದೀತೆಂಬ ಅಂಜಿಕೆಯಿದೆ. ಮೂವರದೂ ಬೇರೆ ಬೇರೆ ತೊಡಕು, ಪರಿಹಾರವೂ ಬೇರೆ. "ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ?" ಎಂಬ ಒಂದೇ ಪ್ರಶ್ನೆ ಈ ಮೂವರನ್ನೂ ಪ್ರತ್ಯೇಕಿಸಿ ತೋರಿಸಲಾರದು.

ಪ್ರಶ್ನೆ ಕೇಳುವ ರೀತಿ

"ಅರ್ಥವಾಯಿತೇ?" ಎಂದು ಕೇಳಿದರೆ ಎಂಥವರೂ ತಲೆಯಾಡಿಸುತ್ತಾರೆ. ವೈದ್ಯರ ಮುಂದೆ "ಅರ್ಥವಾಗಲಿಲ್ಲ" ಎನ್ನಲು ಸಂಕೋಚ ಸಹಜ. ಆದ್ದರಿಂದ ತಿಳಿವಳಿಕೆಯನ್ನು ಅಳೆಯುವಾಗ, ಹೇಳಿದ್ದನ್ನು ರೋಗಿಯೇ ತನ್ನ ಮಾತಿನಲ್ಲಿ ಮರಳಿ ಹೇಳುವಂತೆ ಕೋರುವುದು ಸರಿಯಾದ ಕ್ರಮ. "ನಾನು ಸರಿಯಾಗಿ ವಿವರಿಸಿದ್ದೇನೆಯೇ ಎಂದು ನೋಡಿಕೊಳ್ಳಬೇಕು, ಮನೆಗೆ ಹೋದ ಮೇಲೆ ಈ ಮಾತ್ರೆಯ ಬಗ್ಗೆ ಮನೆಯವರಿಗೆ ಏನು ಹೇಳುವಿರಿ?" ಎಂದು ಆರೋಗ್ಯ ಸಿಬ್ಬಂದಿ ಕೇಳಿದರೆ ಪರೀಕ್ಷೆಯ ಭಾರ ರೋಗಿಯ ಮೇಲಿಂದ ಇಳಿದು ವಿವರಿಸಿದವರ ಮೇಲೆ ಬರುತ್ತದೆ.

ಅಕ್ಷರಜ್ಞಾನವಿಲ್ಲದವರಿಗೆ ಮುದ್ರಿತ ಪ್ರಶ್ನಾವಳಿ ಕೊಟ್ಟರೆ ಅಳೆದಂತಾಗುವುದು ಓದುವ ಸಾಮರ್ಥ್ಯವೇ ಹೊರತು ಔಷಧದ ಅರಿವಲ್ಲ. ಅಂಥವರೊಂದಿಗೆ ಮಾತ್ರೆಯ ಪಟ್ಟಿಯನ್ನೇ ಮುಂದಿಟ್ಟು, ಅವರ ಮನೆಮಾತಿನಲ್ಲಿ ಕೇಳಬೇಕು. ತುಳು, ಕೊಂಕಣಿ, ಉರ್ದು, ಲಂಬಾಣಿ, ತೆಲುಗು, ಮರಾಠಿ ಮನೆಮಾತಿನವರು ನಮ್ಮ ಜಿಲ್ಲೆಗಳಲ್ಲಿ ವಿಪುಲವಾಗಿದ್ದಾರೆ ಎಂಬುದನ್ನು ಮರೆಯುವಂತಿಲ್ಲ. ಉನ್ಮಾದ ಅಥವಾ ಖಿನ್ನತೆಯ ತೀವ್ರ ಅವಧಿಯಲ್ಲಿ ಕೇಳಿದರೆ ಉತ್ತರದಲ್ಲಿ ಕಾಣುವುದು ಕಾಯಿಲೆಯ ಪ್ರಭಾವ. ಮನಃಸ್ಥಿತಿ ಸಮವಾಗಿರುವಾಗ ಅಳೆಯುವುದು ಯುಕ್ತ. ಮಾತ್ರೆಯನ್ನು ಮನೆಯವರು ಇಟ್ಟುಕೊಂಡು ಕೊಡುವ ಪದ್ಧತಿಯಿದ್ದರೆ, ರೋಗಿಯ ಒಪ್ಪಿಗೆ ಪಡೆದು ಅವರ ತಿಳಿವಳಿಕೆಯನ್ನೂ ಪ್ರತ್ಯೇಕವಾಗಿ ನೋಡಬೇಕಾಗುತ್ತದೆ.

ಹತ್ತು ಪ್ರಶ್ನೆಗಳ ಮಾದರಿ

ಲಿಥಿಯಂ ತೆಗೆದುಕೊಳ್ಳುವವರೊಂದಿಗೆ ಆರೋಗ್ಯ ಸಿಬ್ಬಂದಿ ನಡೆಸಬಹುದಾದ ಮಾತುಕತೆಯ ಸ್ವರೂಪ ಸದಸ್ಯರಿಗೆ ತಿಳಿಯಲೆಂದು ಹತ್ತು ಪ್ರಶ್ನೆಗಳನ್ನು ಇಲ್ಲಿ ನೀಡಲಾಗಿದೆ. ಇದು ರೋಗ ನಿರ್ಣಯದ ಸಾಧನವಲ್ಲ. ಪ್ರತಿ ಪ್ರಶ್ನೆಯ ಮುಂದೆ ನಿರೀಕ್ಷಿತ ಉತ್ತರದ ಸಾರವಿದೆ.

1. ಈ ಮಾತ್ರೆ ಯಾವುದು? ದಿನಕ್ಕೆ ಎಷ್ಟು, ಯಾವ ಹೊತ್ತಿಗೆ? – ಹೆಸರು ಹೇಳಿ ಅಥವಾ ಮಾತ್ರೆಯನ್ನೇ ಗುರುತಿಸಿ, ಪ್ರಮಾಣ ಮತ್ತು ವೇಳೆಯನ್ನು ತಿಳಿಸಬೇಕು.

2. ಇದನ್ನು ಯಾವ ತೊಂದರೆಗೆ ಕೊಟ್ಟಿದ್ದಾರೆ? – ಮನಸ್ಸಿನ ಏರಿಳಿತ ಮತ್ತೆ ಬಾರದಂತೆ ತಡೆಯಲು. "ನಿದ್ರೆ ಮಾತ್ರೆ", "ಶಕ್ತಿಯ ಮಾತ್ರೆ" ಎಂಬ ಉತ್ತರ ಬಂದರೆ ಮತ್ತೆ ವಿವರಿಸಬೇಕು.

3. ಪೂರ್ಣ ಆರಾಮ ಎನಿಸಿದಾಗ ಏನು ಮಾಡುವಿರಿ? – ಮಾತ್ರೆ ಮುಂದುವರಿಸಿ ವೈದ್ಯರೊಂದಿಗೆ ಚರ್ಚಿಸುವುದು. ಲಿಥಿಯಂ ಅನ್ನು ಒಮ್ಮೆಲೇ ನಿಲ್ಲಿಸಿದರೆ ಉನ್ಮಾದ ಬೇಗನೆ ಮರುಕಳಿಸುವ ಅಪಾಯವಿದೆ. ನಿಲ್ಲಿಸಬೇಕಾದರೆ ವೈದ್ಯರ ಸಲಹೆಯಂತೆ ಹಂತಹಂತವಾಗಿ ನಿಲ್ಲಿಸಬೇಕು.

4. ಒಂದು ಹೊತ್ತಿನ ಮಾತ್ರೆ ಮರೆತರೆ? – ಮುಂದಿನ ಹೊತ್ತಿಗೆ ಎರಡರಷ್ಟು ತೆಗೆದುಕೊಳ್ಳಬಾರದು.

5. ರಕ್ತ ಪರೀಕ್ಷೆಯ ದಿನ ಬೆಳಗಿನ ಮಾತ್ರೆ ಯಾವಾಗ? – ರಕ್ತ ಕೊಟ್ಟ ನಂತರ. ಕೊನೆಯ ಮಾತ್ರೆ ತೆಗೆದುಕೊಂಡ 12 ಗಂಟೆಗಳ ಬಳಿಕ ರಕ್ತ ತೆಗೆದರೆ ಮಾತ್ರ ಫಲಿತಾಂಶ ನಂಬಲರ್ಹ. ಲಿಥಿಯಂ ಮಟ್ಟದ ಜೊತೆಗೆ ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆಗಳೂ ಕಾಲಕಾಲಕ್ಕೆ ಆಗಬೇಕು.

6. ವಾಂತಿ, ಭೇದಿ, ತೀವ್ರ ಜ್ವರ ಬಂದರೆ? – ನೀರು ಅಥವಾ ಓಆರ್‌ಎಸ್ ಕುಡಿಯುತ್ತ ಕೂಡಲೇ ವೈದ್ಯರನ್ನು ಸಂಪರ್ಕಿಸಿ, ಮುಂದಿನ ಮಾತ್ರೆಯ ಬಗ್ಗೆ ಸೂಚನೆ ಪಡೆಯಬೇಕು.

7. ಮೈಕೈ ನೋವಿಗೆ ಯಾವ ಮಾತ್ರೆ ತರುವಿರಿ? – ಲಿಥಿಯಂ ಸೇವನೆಯ ವಿಷಯ ತಿಳಿಸದೆ ಅಂಗಡಿಯಿಂದ ನೋವುನಿವಾರಕ ತರಬಾರದು.

8. ಯಾವ ಲಕ್ಷಣ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು? – ಕೈಗಳ ಜೋರಾದ ನಡುಕ, ಮತ್ತೆ ಮತ್ತೆ ವಾಂತಿ-ಭೇದಿ, ನಡಿಗೆಯಲ್ಲಿ ತೂರಾಟ, ಮಾತಿನ ತೊದಲು, ಅತಿಯಾದ ಮಂಪರು, ಗೊಂದಲ. ಇಂಥ ವೇಳೆ ಮುಂದಿನ ಮಾತ್ರೆ ನುಂಗದೆ ಆಸ್ಪತ್ರೆಗೆ ಧಾವಿಸಬೇಕು.

9. ಬೇರೆ ಕಾಯಿಲೆಗೆ ಬೇರೆ ವೈದ್ಯರ ಬಳಿ ಹೋದಾಗ ಏನು ಹೇಳುವಿರಿ? – "ನಾನು ಲಿಥಿಯಂ ತೆಗೆದುಕೊಳ್ಳುತ್ತಿದ್ದೇನೆ" ಎಂದು ತಿಳಿಸಿ ಚೀಟಿ ತೋರಿಸಬೇಕು.

10. ಕಾಯಿಲೆ ಮರಳುತ್ತಿದೆ ಎಂಬುದಕ್ಕೆ ನಿಮ್ಮಲ್ಲಿ ಮೊದಲು ಕಾಣುವ ಸೂಚನೆ ಯಾವುದು? ಆಗ ಯಾರಿಗೆ ತಿಳಿಸುವಿರಿ? – ನಿದ್ರೆ ತಗ್ಗುವುದು, ಮಾತು ಹೆಚ್ಚುವುದು, ಜನರಿಂದ ದೂರ ಸರಿಯುವುದು ಇತ್ಯಾದಿ. ಮನೆಯಲ್ಲಿ ಹಾಗೂ ಆಸ್ಪತ್ರೆಯಲ್ಲಿ ತಿಳಿಸಬೇಕಾದ ವ್ಯಕ್ತಿ.

ಗರ್ಭ ಧರಿಸುವ ವಯಸ್ಸಿನ ಮಹಿಳೆಯರಲ್ಲಿ ಇನ್ನೊಂದು ಪ್ರಶ್ನೆ ಅನಿವಾರ್ಯ: "ಮಗು ಬೇಕೆಂದಾಗ ಅಥವಾ ಮುಟ್ಟು ನಿಂತಾಗ ಏನು ಮಾಡುವಿರಿ?" ಈ ಕಾಯಿಲೆಗೆ ಬಳಸುವ ವಾಲ್ಪ್ರೊಯೇಟ್ ಎಂಬ ಇನ್ನೊಂದು ಔಷಧವನ್ನು ಗರ್ಭಿಣಿ ತೆಗೆದುಕೊಂಡರೆ, 100 ಶಿಶುಗಳಲ್ಲಿ ಸುಮಾರು 10 ಶಿಶುಗಳಿಗೆ ಬೆನ್ನುಹುರಿಯ ದೋಷವೂ ಸೇರಿದಂತೆ ಜನ್ಮಜಾತ ನ್ಯೂನತೆಗಳು ಉಂಟಾಗುತ್ತವೆ, 30ರಿಂದ 40 ಮಕ್ಕಳಲ್ಲಿ ಬೆಳವಣಿಗೆಯ ತೊಂದರೆಗಳು ತೋರಬಹುದು. ಅಪಾಯ ಆರಂಭವಾಗುವುದು ಗರ್ಭದ ಮೊದಲ ವಾರಗಳಲ್ಲಿಯೇ. ಅಂದರೆ ತಾಯಿ ಕಾರ್ಡ್ ಮಾಡಿಸುವುದಕ್ಕಿಂತ ಮುಂಚೆ. ಹಾಗೆಂದು ಭಯದಿಂದ ಔಷಧವನ್ನು ತಾವಾಗಿಯೇ ನಿಲ್ಲಿಸುವುದೂ ಅಪಾಯಕರ. ಮಗುವಿನ ಆಲೋಚನೆ ಬಂದ ಕೂಡಲೇ ವೈದ್ಯರನ್ನು ಕಂಡು ಔಷಧ ಬದಲಾಯಿಸಿಕೊಳ್ಳಬೇಕು ಎಂಬುದು ಮಹಿಳೆಗೂ ಆಕೆಯ ಪತಿಗೂ ತಿಳಿದಿರಬೇಕು. ಮನೆಯವರು ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡಿದ ಸಂದರ್ಭಗಳಲ್ಲಿ ಈ ಮಾತು ಆಡುವವರೇ ಇಲ್ಲದಂತಾಗುತ್ತದೆ.

ಅಂಕಗಳನ್ನು ಓದುವ ಬಗೆ

ತನ್ನ ಮಾತಿನಲ್ಲಿ ಸರಿಯಾಗಿ ಹೇಳಿದರೆ 2, ಅರ್ಧ ಹೇಳಿದರೆ ಅಥವಾ ಸುಳಿವು ಕೊಟ್ಟ ಮೇಲೆ ಹೇಳಿದರೆ 1, ತಪ್ಪಿದರೆ ಅಥವಾ ತಿಳಿಯದಿದ್ದರೆ 0 ಎಂದು ಗುರುತಿಸಿದರೆ ಹತ್ತು ಪ್ರಶ್ನೆಗಳಿಗೆ ಒಟ್ಟು 20 ಅಂಕಗಳಾಗುತ್ತವೆ. ಆದರೆ ಒಟ್ಟು ಅಂಕವನ್ನಷ್ಟೇ ನೋಡಿ ತೃಪ್ತರಾಗುವಂತಿಲ್ಲ. ಒಬ್ಬರು 6, 7 ಮತ್ತು 8ನೇ ಪ್ರಶ್ನೆಗಳಿಗೆ ಉತ್ತರಿಸಲಾಗದೆ ಉಳಿದೆಲ್ಲಕ್ಕೂ ಸರಿಯಾಗಿ ಉತ್ತರಿಸಿದರೆ 14 ಅಂಕ ಬರುತ್ತದೆ. ಶಾಲೆಯ ಲೆಕ್ಕದಲ್ಲಿ ಅದು ಪ್ರಥಮ ದರ್ಜೆ. ಆದರೆ ಭೇದಿಯಾದ ದಿನ ಏನು ಮಾಡಬೇಕು, ಯಾವ ನೋವಿನ ಮಾತ್ರೆ ಬೇಡ, ವಿಷಲಕ್ಷಣ ಯಾವುದು ಎಂಬ ಮೂರೂ ಅವರಿಗೆ ತಿಳಿದಿಲ್ಲ. 12 ಅಂಕ ಪಡೆದು ಈ ಮೂರಕ್ಕೂ ಸರಿಯಾಗಿ ಉತ್ತರಿಸಿದ ಇನ್ನೊಬ್ಬರು ಅವರಿಗಿಂತ ಸುರಕ್ಷಿತರು. ಆದಕಾರಣ ಈ ಮೂರು ಪ್ರಶ್ನೆಗಳನ್ನು ಬೇರೆಯಾಗಿ ಗುರುತಿಸಿ, ಒಂದರಲ್ಲಿ ತಪ್ಪಿದರೂ ಅಂದೇ ಮತ್ತೆ ವಿವರಿಸಿ ಕಳುಹಿಸುವುದು ಸೂಕ್ತ.

ಒಮ್ಮೆ ಅಳೆದರೆ ಸಾಲದು. ಕೇಳಿದ್ದು ಮರೆಯುವುದು ಎಲ್ಲರ ಸ್ವಭಾವ. ಬೇಸಿಗೆ ಆರಂಭವಾಗುವ ಮುನ್ನ, ಔಷಧ ಬದಲಾದಾಗ, ಆಸ್ಪತ್ರೆಯಿಂದ ಬಿಡುಗಡೆಯಾದಾಗ ಮರಳಿ ಕೇಳಿದರೆ ಅರಿವು ಉಳಿದಿದೆಯೇ ಎಂಬುದು ತಿಳಿಯುತ್ತದೆ.

ಮುಖ್ಯವಾಗಿ, ಕಡಿಮೆ ಅಂಕವನ್ನು ರೋಗಿಯ ದಡ್ಡತನವೆಂದು ಬಗೆಯಬಾರದು. ಜನಸಂದಣಿಯ ಹೊರರೋಗಿ ವಿಭಾಗದಲ್ಲಿ ಕೆಲವೇ ನಿಮಿಷಗಳಲ್ಲಿ ಹೇಳಿ ಮುಗಿಸಿದ ಮಾತು, ಓದಲಾಗದ ಅಕ್ಷರದ ಚೀಟಿ, ಪ್ರತಿ ಬಾರಿಯೂ ಬದಲಾಗುವ ಮಾತ್ರೆಯ ಬಣ್ಣ ಮತ್ತು ಕಂಪನಿ ಇವೆಲ್ಲವೂ ಆ ಅಂಕದಲ್ಲಿ ಪ್ರತಿಫಲಿಸುತ್ತವೆ. ಒಂದೇ ಆಸ್ಪತ್ರೆಯ ಹತ್ತು ರೋಗಿಗಳಲ್ಲಿ ಎಂಟು ಮಂದಿ ಒಂದೇ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ, ಅಲ್ಲಿ ಆ ವಿಷಯವನ್ನು ವಿವರಿಸುತ್ತಿಲ್ಲ ಎಂದೇ ಅರ್ಥ. ಅಳತೆಯಿಂದ ಸಿಗುವ ಅತ್ಯಂತ ಉಪಯುಕ್ತ ಮಾಹಿತಿ ಇದೇ.

ಕಾನೂನಿನ ಆಧಾರ

ಔಷಧದ ಬಗ್ಗೆ ತಿಳಿದುಕೊಳ್ಳುವುದು ರೋಗಿಯ ಹಕ್ಕು. ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮ, 2017 ದೇಶದಲ್ಲಿ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 22ನೇ ಪ್ರಕರಣದಂತೆ, ಕಾಯಿಲೆಯ ಸ್ವರೂಪ, ಉದ್ದೇಶಿತ ಚಿಕಿತ್ಸೆ ಮತ್ತು ಅದರ ತಿಳಿದಿರುವ ಅಡ್ಡಪರಿಣಾಮಗಳ ಮಾಹಿತಿಯನ್ನು, ತನಗೆ ಅರ್ಥವಾಗುವ ಭಾಷೆ ಮತ್ತು ರೂಪದಲ್ಲಿ ಪಡೆಯಲು ರೋಗಿ ಅರ್ಹರು. ಅರ್ಥವಾಗುವ ರೂಪದಲ್ಲಿ ಹೇಳಲಾಗಿದೆಯೇ ಎಂಬುದನ್ನು ಅರಿಯಲು, ಅರ್ಥವಾಗಿದೆಯೇ ಎಂದು ಪರೀಕ್ಷಿಸುವುದರ ಹೊರತು ಬೇರೆ ದಾರಿಯಿಲ್ಲ. 18ನೇ ಪ್ರಕರಣದಂತೆ, ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕಿಂತ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಗತ್ಯ ಔಷಧಗಳ ಪಟ್ಟಿಯಲ್ಲಿನ ಔಷಧಗಳು ಮಾನಸಿಕ ಅಸ್ವಸ್ಥತೆಯುಳ್ಳವರಿಗೆ ಎಲ್ಲ ಕಾಲದಲ್ಲೂ ಉಚಿತವಾಗಿ ದೊರೆಯಬೇಕು. 23ನೇ ಪ್ರಕರಣ ಅವರ ಆರೋಗ್ಯ ಮಾಹಿತಿಯ ಗೋಪ್ಯತೆಯನ್ನು ರಕ್ಷಿಸುತ್ತದೆ.

ಗ್ರಾಮೀಣ ಪ್ರದೇಶದಲ್ಲಿ ಮಾನಸಿಕ ಚಿಕಿತ್ಸೆ ಒದಗಿಸುವಲ್ಲಿ ಕರ್ನಾಟಕಕ್ಕೆ ಹಿರಿದಾದ ಹಿನ್ನೆಲೆಯಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ನೀಡಿ ನಡೆಸಿದ ಪ್ರಯೋಗವೇ ಮುಂದೆ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಂದು ಮನೋಚೈತನ್ಯ ಕಾರ್ಯಕ್ರಮದಡಿ ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಒದಗಿಸಲಾಗುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವುದೇ ವೇಳೆಯಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಸಲಹೆ ಪಡೆಯಬಹುದು.

ಸದಸ್ಯರು ಮಾಡಬಾರದ್ದು

ಮೇಲಿನ ಪ್ರಶ್ನೆಗಳನ್ನು ಕೇಳುವ ಅಧಿಕಾರವಿರುವುದು ಚಿಕಿತ್ಸೆ ನೀಡುವ ವೈದ್ಯರಿಗೆ ಹಾಗೂ ಅವರ ನಿರ್ದೇಶನದಂತೆ ಕೆಲಸ ಮಾಡುವ ಆರೋಗ್ಯ ಸಿಬ್ಬಂದಿಗೆ ಮಾತ್ರ. ಸದಸ್ಯರು ರೋಗಿಯ ಮನೆಗೆ ಹೋಗಿ ಪ್ರಶ್ನಿಸುವುದು, ವಾರ್ಡಿನ ಮಾನಸಿಕ ರೋಗಿಗಳ ಹೆಸರಿನ ಪಟ್ಟಿ ಕೇಳುವುದು, ಗ್ರಾಮಸಭೆಯಲ್ಲಿ ಒಬ್ಬರ ಕಾಯಿಲೆಯನ್ನು ಪ್ರಸ್ತಾಪಿಸುವುದು ಸಲ್ಲದು. ಸಹಾಯ ಮಾಡುವ ಉದ್ದೇಶದಿಂದ ಆಡಿದ ಮಾತೂ ಒಬ್ಬರ ಮದುವೆ, ಕೂಲಿ, ಬಾಡಿಗೆ ಮನೆಗಳಿಗೆ ಅಡ್ಡಿಯಾಗಬಹುದು. ಊರಿಗೆ ತಿಳಿದೀತೆಂಬ ಅಂಜಿಕೆಯೇ ಅನೇಕರು ಔಷಧ ಬಿಡಲು ಕಾರಣವಾಗಿರುವಾಗ, ಆ ಅಂಜಿಕೆಯನ್ನು ಹೆಚ್ಚಿಸುವ ಯಾವ ಕ್ರಮವೂ ಚಿಕಿತ್ಸೆಗೆ ವಿರುದ್ಧವಾದುದು.

ಗ್ರಾಮ ಪಂಚಾಯತಿ ಕೈಗೊಳ್ಳಬಹುದಾದ ಕ್ರಮಗಳು

ಹೆಸರುಗಳ ಗೊಡವೆಯಿಲ್ಲದೆಯೇ ಗ್ರಾಮ ಪಂಚಾಯತಿ ಮಾಡಬಹುದಾದ ಕೆಲಸಗಳು ಸಾಕಷ್ಟಿವೆ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಆರೋಗ್ಯ ಅಧಿಕಾರಿಗಳಿಗೆ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಲಿಥಿಯಂ, ವಾಲ್ಪ್ರೊಯೇಟ್ ಮೊದಲಾದ ಔಷಧಗಳ ದಾಸ್ತಾನು ಕಳೆದ ಮೂರು ತಿಂಗಳಲ್ಲಿ ಎಂದಾದರೂ ಮುಗಿದಿತ್ತೇ? ಲಿಥಿಯಂ ಮಟ್ಟದ ರಕ್ತ ಪರೀಕ್ಷೆ ಹತ್ತಿರದಲ್ಲಿ ಎಲ್ಲಿ ಲಭ್ಯವಿದೆ? ಔಷಧದ ವಿವರಣೆಯನ್ನು ಕನ್ನಡದಲ್ಲಿ ಬರೆದ ಅಥವಾ ಚಿತ್ರದ ಚೀಟಿಯ ರೂಪದಲ್ಲಿ ಕೊಡಲಾಗುತ್ತಿದೆಯೇ? ರೋಗಿ ಮರಳಿ ಹೇಳುವಂತೆ ಕೇಳಿ ತಿಳಿವಳಿಕೆಯನ್ನು ಖಚಿತಪಡಿಸಿಕೊಳ್ಳುವ ಪದ್ಧತಿ ಇದೆಯೇ? ಉತ್ತರಗಳನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಿ, ಕೊರತೆಯಿದ್ದಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಪತ್ರ ಬರೆಯಬಹುದು.

ಬೇಸಿಗೆಯ ಮುನ್ನೆಚ್ಚರಿಕೆಯನ್ನು ಎಲ್ಲರಿಗೂ ಅನ್ವಯವಾಗುವಂತೆ ರೂಪಿಸಬಹುದು. ಉದ್ಯೋಗ ಖಾತರಿ ಕಾಮಗಾರಿ ಸ್ಥಳದಲ್ಲಿ ಕುಡಿಯುವ ನೀರು ಮತ್ತು ನೆರಳನ್ನು ಕಡ್ಡಾಯವಾಗಿ ಒದಗಿಸಿದರೆ, ಅಲ್ಲಿ ಲಿಥಿಯಂ ತೆಗೆದುಕೊಳ್ಳುವವರು ಯಾರೆಂದು ತಿಳಿಯಬೇಕಾದ ಅಗತ್ಯವೇ ಬೀಳುವುದಿಲ್ಲ. ಅವರೂ ಉಳಿದವರೊಂದಿಗೆ ರಕ್ಷಿತರಾಗುತ್ತಾರೆ. "ದೀರ್ಘಕಾಲದ ಮಾತ್ರೆ ತೆಗೆದುಕೊಳ್ಳುವವರು ವಾಂತಿ-ಭೇದಿಯಾದಾಗ ವೈದ್ಯರನ್ನು ಕಾಣಿರಿ, ಕೇಳದೆ ನೋವಿನ ಮಾತ್ರೆ ನುಂಗದಿರಿ" ಎಂಬ ಸಾಮಾನ್ಯ ಪ್ರಕಟಣೆಯನ್ನು ಯಾವ ಕಾಯಿಲೆಯ ಹೆಸರನ್ನೂ ಎತ್ತದೆ ಡಂಗುರದಲ್ಲಿಯೂ ಸೂಚನಾ ಫಲಕದಲ್ಲಿಯೂ ತಿಳಿಸಬಹುದು. ಔಷಧ ಅಂಗಡಿಯವರಿಗೂ ಇದೇ ವಿಷಯವನ್ನು ಮನವರಿಕೆ ಮಾಡಿಸಬಹುದು.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಪಟ್ಟಿಯಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿದೆ. ಶೇ. 40ಕ್ಕಿಂತ ಕಡಿಮೆಯಿಲ್ಲದ ಪ್ರಮಾಣದ ವಿಕಲತೆ ಇದೆಯೆಂದು ವೈದ್ಯಕೀಯವಾಗಿ ಪ್ರಮಾಣೀಕರಿಸಲ್ಪಟ್ಟವರು ಗುರುತಿನ ಚೀಟಿ ಹಾಗೂ ನಿಯಮಾನುಸಾರ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸಬಹುದು. ಬಯಸಿ ಬಂದವರಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ನೆರವು ಒದಗಿಸಬೇಕು. ವಿಕಲಚೇತನರಿಗಾಗಿ ಮೀಸಲಾದ ಶೇ. 5ರ ಅನುದಾನದ ಕ್ರಿಯಾಯೋಜನೆ ತಯಾರಿಸುವಾಗ ಮಾನಸಿಕ ಅಸ್ವಸ್ಥತೆಯುಳ್ಳವರನ್ನು ಕೈಬಿಡಬಾರದು.

ಆಶಾ ಕಾರ್ಯಕರ್ತೆಯರಿಗೂ ಸಮುದಾಯ ಆರೋಗ್ಯ ಅಧಿಕಾರಿಗಳಿಗೂ ಮರಳಿ ಹೇಳಿಸುವ ಕ್ರಮದಲ್ಲಿ ತರಬೇತಿ ನೀಡುವಂತೆ ಜಿಲ್ಲಾ ಮಾನಸಿಕ ಆರೋಗ್ಯ ತಂಡವನ್ನು ಕೋರಬಹುದು. ಈ ಕ್ರಮ ಒಮ್ಮೆ ಕೈಗೆ ಹತ್ತಿದರೆ ಮಧುಮೇಹ, ರಕ್ತದೊತ್ತಡ, ಕ್ಷಯ, ಮೂರ್ಛೆರೋಗದ ಔಷಧಗಳಿಗೂ ಅದು ಹಾಗೆಯೇ ಅನ್ವಯವಾಗುತ್ತದೆ.

ಸಹಾಯವಾಣಿ 14416ರ ಸಂಖ್ಯೆಯನ್ನು ಪಂಚಾಯತಿ ಕಚೇರಿ, ನ್ಯಾಯಬೆಲೆ ಅಂಗಡಿ, ಬಸ್ ನಿಲ್ದಾಣ, ಹಾಲಿನ ಡೇರಿಗಳ ಗೋಡೆಯ ಮೇಲೆ ಬರೆಸುವುದಕ್ಕೆ ತಗಲುವ ಖರ್ಚು ಅತ್ಯಲ್ಪ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ದೊರೆಯುವ ಮಂಗಳವಾರದ ದಿನಾಂಕಗಳನ್ನು ಅದರ ಕೆಳಗೆ ಪ್ರತಿ ತಿಂಗಳೂ ನಮೂದಿಸಿದರೆ, ಕೈ ನಡುಗುತ್ತಿರುವುದೇಕೆಂದು ತಿಳಿಯದೆ ಮನೆಯಲ್ಲಿ ಕುಳಿತಿರುವ ವ್ಯಕ್ತಿಗೆ, ಯಾರನ್ನೂ ಕೇಳದೆ, ಯಾರಿಗೂ ಹೇಳದೆ, ಯಾರ ಬಳಿ ಹೋಗಬೇಕೆಂಬುದು ಗೊತ್ತಾಗುತ್ತದೆ.